ಹೆಸರಿಲ್ಲದ ಲೆನ್ಸು

ಫೋಟೋದಲ್ಲಿ ಹುಡುಗಿಯ ಮುಖ ಸ್ಪಷ್ಟವಾಗಿ ಕಾಣಬೇಕು ಎಂದು ಪರಮಶಿವಯ್ಯ ಎರಡನೆಯ ಸಲ ಹೇಳಿದಾಗ ರೇಣುಕಪ್ಪ ಕ್ಯಾಮೆರಾ ಒರೆಸುವುದನ್ನು ನಿಲ್ಲಿಸಿದ. ಸಂಬಂಧ ಕುದುರಿಸುತ್ತ ಊರೂರು ಸುತ್ತುವ ಈ ಅಯ್ಯನವರು ಒಂದು ಮಾತನ್ನು ಎರಡು ಸಲ ಹೇಳುವವರಲ್ಲ.

“ಪೆನ್ಸಿಲ್ ಆಡಿಸಿ ತಿದ್ದಬಾರದಂತೆ. ಇದ್ದ ಹಾಗೇ ಬೇಕಂತೆ. ಹುಡುಗನೇ ಹೇಳಿ ಕಳಿಸಿದ್ದು ಮಾರಾಯ.”

“ಹುಡುಗನ ಫೋಟೋ ಕೊಟ್ರಾ ಅಯ್ನೋರೆ?”

“ಗಂಡಿನ ಫೋಟೋ ಯಾರು ಕೇಳ್ತಾರೆ? ನರಸಿಂಹರಾಜಪುರದ ಟ್ರ್ಯಾಂ ಸ್ಟೇಷನ್ ಹತ್ರ ಅಂಗಡಿ ಇದೆ, ಸ್ವಂತ ಮನೆ ಇದೆ. ಸಾಲದಾ? ನಾನೂ ಅವನ ಅಣ್ಣನ ಹತ್ರವೇ ಮಾತಾಡಿ ಬಂದದ್ದು.”

ಅಯ್ಯನವರು ಕೊಡೆ ತೆಗೆದುಕೊಂಡು ಹೊರಟರು. ರೇಣುಕಪ್ಪ ತನ್ನ ಸ್ಟುಡಿಯೋದಲ್ಲಿ ಕೂತಲ್ಲಿ ಕೂರಲಾರದೆ ಒದ್ದಾಡಿದ. ಯಾರೋ ಚಾಡಿ ಹೇಳಿದ್ದಾರೆ, ಇನ್ನೇನು! ಇಲ್ಲದಿದ್ದರೆ ಫೋಟೋಗ್ರಾಫರನ ಮಗಳ ಫೋಟೋಕ್ಕೆ ಇಷ್ಟು ಕಟ್ಟುಪಾಡು ಯಾಕೆ?

ಮೂವತ್ತೆಂಟನೆಯ ಇಸವಿಯ ಕೊಪ್ಪದ ಪೇಟೆಯಲ್ಲಿ ಫೋಟೋ ತೆಗೆಯುವವನೆಂದರೆ ರೇಣುಕಪ್ಪ ಒಬ್ಬನೇ. ನೆಗೆಟಿವ್ ಮೇಲೆ ಸಪೂರ ಪೆನ್ಸಿಲ್ ಆಡಿಸಿ ಅರವತ್ತರ ಪಟೇಲರನ್ನು ನಲವತ್ತಕ್ಕೆ ಇಳಿಸುವುದರಲ್ಲಿ ಎತ್ತಿದ ಕೈ. ಅವನ ಮಗಳು ಅನ್ನಪೂರ್ಣಳಿಗೆ ಒಂಬತ್ತನೆಯ ವಯಸ್ಸಿನಲ್ಲಿ ಸಿಡುಬು ಎದ್ದಿತ್ತು. ಜೀವ ಉಳಿಯಿತು, ಎರಡು ಕೆನ್ನೆಗಳ ತುಂಬ ಕಲೆ ಉಳಿಯಿತು. ಈಗ ಹತ್ತೊಂಬತ್ತು. ಶೃಂಗೇರಿಯ ಕಡೆಯದೊಂದು, ಬಾಳೆಹೊನ್ನೂರಿನದೊಂದು, ಎರಡು ಸಂಬಂಧಗಳು, ಮಗಳ ಹಟಕ್ಕೆ ತಿದ್ದದೆ ಕಳಿಸಿದ್ದ ಫೋಟೋ ನೋಡಿಯೇ ತಣ್ಣಗಾಗಿದ್ದವು. ಒಬ್ಬರೂ ಮನೆಯ ಮೆಟ್ಟಿಲು ಹತ್ತಲಿಲ್ಲ. ಒಮ್ಮೆ ಬಂದು ಅವಳ ಕೈಯ ಊಟ ಉಂಡು, ಅವಳ ನಾಲ್ಕು ಮಾತು ಕೇಳಿದರೆ ಯಾರೂ ಬೇಡವೆನ್ನರು ಎಂಬುದು ಅಪ್ಪನ ನಂಬಿಕೆ. ಬಾಗಿಲವರೆಗೆ ಬರಬೇಕಲ್ಲ, ಅದೇ ಕಷ್ಟ.

ಆ ವಾರವೇ ಲೆನ್ಸಿನ ತಲೆನೋವು ಬೇರೆ. ಹಳೆಯದಕ್ಕೆ ಬೂಷ್ಟು ಹಿಡಿದಿತ್ತು. ಶಿವಮೊಗ್ಗದ ವ್ಯಾಪಾರಿ ನಾಗಪ್ಪ ಎರಡು ಲೆನ್ಸು ಕೊಟ್ಟು, “ನೋಡಿ, ಮನಸ್ಸಿಗೆ ಬಂದದ್ದು ಇಟ್ಕೊಳ್ಳಿ, ಇನ್ನೊಂದು ಕಳಿಸಿಕೊಡಿ” ಎಂದು ಹೋಗಿದ್ದ. ಒಂದು, ಕ್ಯಾಮೆರಾ ಮಾಡಿದ ವಿಲಾಯಿತಿ ಕಂಪನಿಯದೇ. ಗಾಜು ಹಿಡಿದ ಹಿತ್ತಾಳೆಯ ಬಳೆಯ ಸುತ್ತ ಇಂಗ್ಲಿಷಿನಲ್ಲಿ ಹೆಸರು ಕೆತ್ತಿತ್ತು. ಇನ್ನೊಂದು ಅದೇ ಕ್ಯಾಮೆರಾಕ್ಕೆ ಕೂರುವಂತೆ ಮದ್ರಾಸಿನ ಯಾವುದೋ ಕನ್ನಡಕದ ಕಾರ್ಖಾನೆಯವರು ಗಾಜು ಉಜ್ಜಿ ಮಾಡಿದ್ದು. ಅದಕ್ಕೆ ಹೆಸರಿಲ್ಲ, ಕುಲವಿಲ್ಲ.

ಗಾಡಿ ಹೊಡೆಯುವ ಗುರುವನನ್ನು ಕೂರಿಸಿ ಎರಡರಲ್ಲೂ ತೆಗೆದು ನೋಡಿದ. ಕಂಪನಿಯದರಲ್ಲಿ ಗುರುವನ ಗಡ್ಡದ ಕೂದಲು ಎಣಿಸಬಹುದಿತ್ತು. ಹೆಸರಿಲ್ಲದ್ದರಲ್ಲಿ ಸುಕ್ಕೆಲ್ಲ ಮಾಯವಾಗಿ ಮುಖ ಆಗಷ್ಟೇ ತೊಳೆದಂತಿತ್ತು. “ಇದು ನನ್ನ ತಮ್ಮನಾ?” ಎಂದು ಕೇಳಿದ ಗುರುವ. ರೇಣುಕಪ್ಪ ಆಗಲೇ ಕಂಪನಿಯದನ್ನು ನಿಶ್ಚಯಿಸಿದ್ದ. ಕೊಪ್ಪದ ಗಿರಾಕಿಗಳು ಫೋಟೋಕ್ಕಿಂತ ಮೊದಲು ಬಳೆಯ ಮೇಲಿನ ಹೆಸರು ನೋಡುವವರು.

ಈಗ ಆ ನಿಶ್ಚಯ ಅಲ್ಲಾಡಿತು. ಎರಡು ಲೆನ್ಸುಗಳನ್ನೂ ಹತ್ತು ಸಲ ಒರೆಸಿದ. ಒಂದನ್ನು ಹಾಕಿದ, ಬಿಚ್ಚಿದ, ಇನ್ನೊಂದನ್ನು ಹಾಕಿದ. ಪೆನ್ಸಿಲ್ ಬೇಡವೆಂದಿದ್ದಾರೆ. ಲೆನ್ಸಿನ ಮಾತು ಯಾರೂ ಎತ್ತಿಲ್ಲವಲ್ಲ!

ಅನ್ನಪೂರ್ಣ ಬಂದು ಕುರ್ಚಿಯಲ್ಲಿ ಕೂತಳು. ಅಪ್ಪನ ಚಡಪಡಿಕೆ ಅವಳಿಗೆ ಹೊಸದಲ್ಲ.

“ಕಂಪನಿದೇ ಹಾಕು ಅಪ್ಪಯ್ಯ. ಬೇಡ ಅನ್ನೋರು ಈಗಲೇ ಅಂದುಬಿಡ್ಲಿ.”

“ಅದನ್ನೇ ಹಾಕಿದ್ದೀನಿ ಮಗಾ” ಎಂದು ರೇಣುಕಪ್ಪ ಕರಿಬಟ್ಟೆಯೊಳಗಿಂದಲೇ ಸುಳ್ಳು ಹೇಳಿದ. ಬೆಳಕು ಹೊಡೆಯದಿರಲೆಂಬ ನೆವದಲ್ಲಿ ಲೆನ್ಸಿನ ಸುತ್ತ ಕರಿ ಕಾಗದ ಸುತ್ತಿದ್ದ. ಬಳೆಯ ಮೇಲೆ ಹೆಸರಿದೆಯೋ ಇಲ್ಲವೋ ಅವಳಿಗೆ ಕಾಣುವಂತಿರಲಿಲ್ಲ. ಅವಳು ಮತ್ತೇನಾದರೂ ಕೇಳುವ ಮೊದಲೇ ಲೆನ್ಸಿನ ಮುಚ್ಚಳ ತೆಗೆದ.

ಫೋಟೋದಲ್ಲಿ ಅನ್ನಪೂರ್ಣಳ ಕೆನ್ನೆ ನುಣುಪಾಗಿ ಬಂತು. ಹೆಂಡತಿ ವೀರಬಸಮ್ಮ ಅದನ್ನು ಬಹಳ ಹೊತ್ತು ನೋಡಿದಳು.

“ಇದು ನಮ್ಮ ಕೂಸಲ್ಲರೀ. ನಾಳೆ ಬಂದು ನೋಡಿದವರು ಎಂತ ಹೇಳ್ತಾರೆ?”

“ಪೆನ್ಸಿಲ್ ಮುಟ್ಟಿಸಿಲ್ಲ ಕಣೇ, ದೇವರಾಣೆ! ಬರ್ಲಿ ಮೊದ್ಲು. ಬಂದ್ರೆ ಸಾಕು.”

ಆಣೆಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಫೋಟೋ ಪರಮಶಿವಯ್ಯನವರ ಚೀಲ ಸೇರಿತು. ಇನ್ನೊಂದು ಫೋಟೋ ತೆಗೆಯೆಂದು ಯಾರೂ ಹಟ ಹಿಡಿಯಬಾರದೆಂದು ಮರುದಿನವೇ ಕಂಪನಿಯ ಲೆನ್ಸನ್ನು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ವಾಪಸು ಕಳಿಸಿದ.

ಆಮೇಲೆ ಹನ್ನೊಂದು ದಿನ ಅವನಿಗೆ ಅನ್ನ ಸೇರಲಿಲ್ಲ. ಯಾರದೋ ಮದುವೆಯ ಗ್ರೂಪ್ ಫೋಟೋದಲ್ಲಿ ಬೀಗರ ತಲೆಯನ್ನೇ ಬಿಟ್ಟು ಬೈಸಿಕೊಂಡ. ಅಂಚೆಯವನು ರಸ್ತೆಯ ಆ ತುದಿಯಲ್ಲಿ ಕಂಡರೆ ಈ ತುದಿಯಲ್ಲಿ ಎದ್ದು ನಿಲ್ಲುತ್ತಿದ್ದ. ಅಂಚೆಯ ಹೊತ್ತಿಗೆ ಅನ್ನಪೂರ್ಣಳಿಗೂ ಜಗಲಿ ಗುಡಿಸುವ ಕೆಲಸ ಬರುತ್ತಿತ್ತು.

ಹನ್ನೆರಡನೆಯ ದಿನ ಕಾಗದ ಬಂತು. ಹುಡುಗನೇ ಸ್ವತಃ ಬರೆದಿದ್ದ, ದುಂಡಗಿನ ಅಕ್ಷರ. ರೇಣುಕಪ್ಪ ನಿಂತಲ್ಲೇ ಒಡೆದು ಓದಿದ. ಫೋಟೋ ತಲುಪಿತು, ನಿಮ್ಮ ಮಗಳು ಬಹಳ ಲಕ್ಷಣವಾಗಿದ್ದಾಳೆ ಎಂದಿತ್ತು. ಅವನಿಗೆ ಹೋದ ಜೀವ ಬಂದಂತಾಯಿತು. “ಅನ್ನಪೂರ್ಣಾ!” ಎಂದು ಕೂಗಿದ. ಅವಳು ಪೊರಕೆ ಬಿಟ್ಟು ಓಡಿಬಂದು ಪಕ್ಕದಲ್ಲಿ ನಿಂತಳು. ಇಬ್ಬರೂ ಮುಂದಿನ ಸಾಲುಗಳನ್ನು ಒಟ್ಟಿಗೇ ಓದಿದರು.

“ಆದರೆ ನಾನು ಅವರಿಗೆ ತಕ್ಕವನಲ್ಲ, ನನಗೆ ಬೇರೆ ಕಡೆ ನಿಶ್ಚಯವಾಗಿದೆ. ನಿಮ್ಮ ಮಗಳಿಗೂ ನನ್ನಂತೆಯೇ ಮುಖದ ತುಂಬ ಸಿಡುಬಿನ ಕಲೆಗಳಿವೆಯೆಂದು ಯಾರೋ ಹೇಳಿದ್ದನ್ನು ನಂಬಿ, ಧೈರ್ಯ ಮಾಡಿ ಫೋಟೋ ಕೇಳಿದ್ದೆ, ಕ್ಷಮಿಸಬೇಕು.”