ಹೊಳೆಗೆ ಹಾಕದ ತುಣುಕು

ಇವತ್ತು ಜೋಳ ಹಸನು ಮಾಡಿದೆ, ಹಾಸಿಗೆ ಬಿಸಿಲಿಗೆ ಹಾಕಿದೆ, ಸೋರುವ ತಗಡಿಗೆ ಡಾಂಬರು ಬಳಿಸಿದೆ. ಆ ವಾಸನೆಗೆ ಕೃಷ್ಣೆಯ ದಂಡೆ ನೆನಪಾಯಿತು.

ನಿಜಾಮರ ಕಾಲ. ಅಪ್ಪ ಮಕ್ತಲದಲ್ಲಿ ಮಾಸ್ತರ. ರಾಯಚೂರಿಗೆ ಹೋಗಲು ಅಪ್ಪನೂ ಆಗಿನ್ನೂ ಸಣ್ಣ ಹುಡುಗಿಯಾಗಿದ್ದ ನಾನೂ ದಂಡೆಗೆ ಬಂದಾಗ ಹೊಳೆ ಕೆಂಪಗೆ ಏರಿತ್ತು. ಅಂಬಿಗ ತಿಪ್ಪಣ್ಣ ಹರಗೋಲಿಗೆ ಡಾಂಬರು ಬಳಿಯುತ್ತಿದ್ದ.

“ನಿನ್ನ ಕೆಲಸಕ್ಕ ಗ್ರೀಕ್ ಮಂದಿ ಕುಬರ್ನೇಸಿಸ್ ಅಂತಿದ್ರು, ತಿಪ್ಪಣ್ಣ,” ಅಂದ ಅಪ್ಪ. “ದೋಣಿ ನಡ್ಸೂದು. ದಾರಿ ತೋರ್ಸೂದು, ರಾಜ್ಯ ಆಳೂದು ಅನ್ನೂ ಅರ್ಥ ಆಮ್ಯಾಗ ಬಂದ್ವು.”

ತಿಪ್ಪಣ್ಣ ನಕ್ಕ. “ಹಂಗಾದ್ರ ನಾನೂ ರಾಜಾನೇ ಬಿಡ್ರಿ!”

ಅಷ್ಟರಲ್ಲಿ ಸರ್ಕಾರಿ ಕಚೇರಿಯ ಜವಾನ ಕಾಗದದ ಗಂಟು ಹಿಡಿದು ಬಂದ. “ಹುಕುಂ ಐತಿ. ಈಗಲೇ ದಾಟ್ಸು.”

“ನೀರು ಇಳೀಲಿ ತಡೀರಿ, ಸಾಹೇಬ್ರ.”

“ಹುಕುಂ ಏನು ಹೊಳೀನ ಕೇಳಿ ಬರತೈತೇನು?”

ಹೊರಡುವ ಮುನ್ನ ಹೊಳೆಗೆ ರೊಟ್ಟಿ ತುಣುಕು ಹಾಕುವುದು ತಿಪ್ಪಣ್ಣನ ಪದ್ಧತಿ. ಜವಾನನ ಅವಸರಕ್ಕೆ ಅದನ್ನು ನನ್ನ ಕೈಗಿತ್ತ. “ನೀನೇ ಹಾಕವ್ವ, ತಂಗಿ.”

ಜವಾನನನ್ನು ಹತ್ತಿಸಿಕೊಂಡು ಹರಗೋಲು ನೂಕಿದ. ಅಪ್ಪ ಹತ್ತಲಿಲ್ಲ, ನನ್ನ ರಟ್ಟೆ ಬಿಗಿಯಾಗಿ ಹಿಡಿದು ದಂಡೆಯಲ್ಲೇ ನಿಂತ. ನಡುಹೊಳೆಯಲ್ಲಿ ಹರಗೋಲು ಬುಗುರಿಯಂತೆ ತಿರುಗಿತು, ಆಮೇಲೆ ಕಾಣಲಿಲ್ಲ.

ಮನೆಯಲ್ಲಿ ಅವ್ವ ಬಡಿಸಿದ ಪುಂಡಿಪಲ್ಯವನ್ನು ಅಪ್ಪ ಮುಟ್ಟಲಿಲ್ಲ. ಹೊಳೆಗೆ ಹಾಕದೆ ನನ್ನ ಮುಷ್ಟಿಯಲ್ಲೇ ಉಳಿದಿದ್ದ ರೊಟ್ಟಿ ತುಣುಕನ್ನು ಹೊದ್ದ ಕೌದಿಯೊಳಗೆ ಯಾರಿಗೂ ಕಾಣದಂತೆ ತಿಂದು, ಎಲ್ಲರಿಗಿಂತ ಮೊದಲು ನಾನೇ ಮಲಗಿದೆ.