ಐದು ಮುಖಗಳ ಹಾಳೆ

ವಾಸಿಯಾಗದ ಕಾಯಿಲೆಯ ಮಕ್ಕಳಿಗೆ ಕತೆ ಹೇಳಿ, ಆಟ ಆಡಿಸಿದರೆ ನೋವು ಕಡಿಮೆಯಾಗುತ್ತದೆ ಎಂದು ತೋರಿಸಲು ಶೈಲಜಾ ಸಂಶೋಧನೆ ಮಾಡುತ್ತಿದ್ದಳು. ದಿನವೂ ಸಂಜೆ ವಾರ್ಡಿನ ಒಂದೊಂದು ಮಗುವಿನ ಮುಂದೆಯೂ ನಗುವ ಮುಖದಿಂದ ಅಳುವ ಮುಖದವರೆಗೆ ಐದು ಮುಖಗಳ ಹಾಳೆ ಹಿಡಿದು, ತನ್ನ ನೋವಿಗೆ ತಕ್ಕದ್ದನ್ನು ತೋರಿಸಲು ಹೇಳುತ್ತಿದ್ದಳು. ಅಳುವ ಮುಖ ತೋರಿಸಿದ ಮಗುವಿಗೆ ಡಾಕ್ಟರು ನೋವಿನ ಔಷಧ ಹೆಚ್ಚಿಸುತ್ತಿದ್ದರು. ಮೂರು ವಾರಗಳಿಂದ ಎಲ್ಲ ಮಕ್ಕಳೂ ನಗುವ ಮುಖವನ್ನೇ ತೋರಿಸುತ್ತಿದ್ದರು. ಇಂಥ ಫಲಿತಾಂಶ ತಾನು ಕಂಡೇ ಇಲ್ಲ ಎಂದು ಗೈಡು ಬೆನ್ನು ತಟ್ಟಿದ್ದರು. ಇವತ್ತಿನದೊಂದು ಮುಗಿದರೆ ಪ್ರಬಂಧ ಬರೆಯಲು ಕೂರಬಹುದಿತ್ತು.

ಒಂಬತ್ತು ವರ್ಷದ ಕಸ್ತೂರಿ ಚಾದರದ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಗುವ ಮುಖದ ಮೇಲೆ ಬೆರಳಿಟ್ಟಳು. ಹಣೆ ಬೆವತಿತ್ತು.

"ಖರೇ ಹೇಳು. ನೋವು ಐತಿಲ್ಲೋ?"

"ಐತ್ರಿ ಅಕ್ಕಾರ. ಭಾಳ ಐತಿ."

"ಮತ್ತ ಇದನ್ನ ಯಾಕ ತೋರಿಸ್ತಿ?"

"ಬಾಷಾ ಅಳೂ ಮಾರಿ ತೋರಿಸಿದ, ಮರುದಿನ ಸತ್ತ. ನಿಂಗಮ್ಮನೂ ಅದನ್ನ ತೋರಿಸಿದ್ಲು, ಆಕಿನೂ ಸತ್ತಳು. ಅದನ್ನ ತೋರಿಸಿದವ್ರು ಉಳಿಯಂಗಿಲ್ರಿ. ಅದಕ್ಕ ನಾವೆಲ್ಲಾರೂ ಆಣಿ ಮಾಡೇವಿ, ಅದನ್ನ ಮುಟ್ಟಬಾರದು ಅಂತ."

ಶೈಲಜಾ ತಲೆಯೆತ್ತಿ ನೋಡಿದಳು. ಉಳಿದ ಮಂಚಗಳ ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದರು.

"ಇದನ್ನ ಡಾಕ್ಟರಿಗೆ ಹೇಳೀಯೇನು?"

"ಇಲ್ರಿ."

ಶೈಲಜಾ ನಗುವ ಮುಖಕ್ಕೆ ಗುರುತು ಹಾಕಿ, ಹುಡುಗಿಯ ತಲೆ ಸವರಿದಳು.

"ಶಾಣ್ಯಾಕಿ. ಹೇಳಬ್ಯಾಡ."