ವೈರು ಹಿಡಿದ ಗುಟ್ಟು

ಕಾರ್ಮಿಕರನ್ನು ಇಳಿಸುವ ಕೇಜನ್ನು ಮೂರನೇ ಸಲ ಖಾಲಿಯಾಗಿಯೇ ಗಣಿಯ ಆಳಕ್ಕೆ ಇಳಿಸುತ್ತಿದ್ದಾಗ, ಮುನಿನಾರಾಯಣಪ್ಪನ ಕೈಯಲ್ಲಿದ್ದ ಲಿವರು ತಾನಾಗಿಯೇ ಹಿಂದೆ ಸರಿಯಿತು. ಎದುರಿಗೆ ಕೆಂಪು ದೀಪ ಹತ್ತಿಕೊಂಡಿತು. ಸರಸರನೆ ಬಿಚ್ಚಿಕೊಳ್ಳುತ್ತಿದ್ದ ಉಕ್ಕಿನ ಹಗ್ಗ ಬಸವನಹುಳುವಿನಂತೆ ತೆವಳತೊಡಗಿತು.

ಹೊಸ ಯಂತ್ರವೊಂದರ ಪರೀಕ್ಷೆಗೆಂದು ಅವನ ಬೆರಳಿಗೂ ಎದೆಗೂ ವೈರು ಅಂಟಿಸಿದ್ದವರು ಬೆಂಗಳೂರಿನಿಂದ ಬಂದ ಇಂಜಿನಿಯರ್ ರಾಮಚಂದ್ರಪ್ಪ. ಕೇಜು ಇಳಿಸುವ ಡ್ರೈವರನ ಮನಸ್ಸು ಕದಡಿದರೆ ನಾಡಿ, ಬೆವರು ನೋಡಿ ಯಂತ್ರಕ್ಕೆ ಗೊತ್ತಾಗಬೇಕು. ಆಗ ಅದು ತಾನಾಗಿ ಕೇಜನ್ನು ನಿಧಾನವಾಗಿ ಇಳಿಸಬೇಕು. ಎಂಬತ್ತೇಳನೇ ಇಸವಿಯಲ್ಲಿ ಇಂಥದ್ದನ್ನು ಕೆಜಿಎಫ್‌ನಲ್ಲಿ ಯಾರೂ ಕಂಡಿರಲಿಲ್ಲ. ಮೊದಲೆರಡು ಸಲ ಅವರು ಬೇಕೆಂದೇ ಅಪಾಯದ ಗಂಟೆ ಬಾರಿಸಿ ಗಾಬರಿ ಹುಟ್ಟಿಸಲು ನೋಡಿದ್ದರು. ಮುನಿನಾರಾಯಣಪ್ಪ ಮಿಸುಕಿರಲಿಲ್ಲ. ಈಗ ಗಂಟೆಯಿಲ್ಲ, ಗಲಾಟೆಯಿಲ್ಲ, ಆದರೂ ದೀಪ ಹತ್ತಿತ್ತು.

"ನಿಮ್ಮ ಮಿಷನ್ನು ಸುಳ್ಳೇಳ್ತೈತೆ ಸಾರ್," ಎಂದ. ಮುಖ ಸಣ್ಣಗಾಗಿತ್ತು. ಇಪ್ಪತ್ತೆರಡು ವರ್ಷ ಜನರನ್ನು ಇಳಿಸಿ ಹತ್ತಿಸಿದ ಕೈ. ಇವತ್ತು ನಾಲಾಯಕ್ಕು ಅಂತ ಬರೆದುಬಿಟ್ಟರೆ?

ರಾಮಚಂದ್ರಪ್ಪ ವೈರುಗಳನ್ನೆಲ್ಲ ಮುಟ್ಟಿ ನೋಡಿದರು. ಎಲ್ಲ ಸರಿಯಾಗಿತ್ತು. "ಒಂದು ನಿಮಿಷದ ಹಿಂದೆ ಏನು ನೆನಪಾಯ್ತು ಹೇಳಿ."

ಮುನಿನಾರಾಯಣಪ್ಪ ತಲೆ ತಗ್ಗಿಸಿದ. "ಕೋರಮಂಡಲ್ ಸ್ಟೇಷನ್ನಾಗೆ ರೈಲು ಕೂಗ್ತಲ್ಲ ಸಾರ್. ಬಂಗಾರಪೇಟೆ ರೈಲು. ಮಗಳು ಬಂಗಾರಪೇಟೆ ಆಸ್ಪತ್ರೇಲವ್ಳೆ. ರಾತ್ರಿಯಿಂದ ನೋವು. ಚೊಚ್ಚಲು."

"ರಜಾ ಹಾಕಬಾರದಿತ್ತೇ?"

"ಆಕಿದ್ರೆ ಮಿಷನ್ನಿಗೆ ಎದರ್ಕೊಂಡು ಓಡೋದ ಅಂತಿದ್ರು."

ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಡ್ರೈವರ್ ಆರುಮುಗಂ ಹಣೆ ಚಚ್ಚಿಕೊಂಡ. "ಅಣ್ಣೇ, ಬೆಳಗ್ಗೆ ಜತೇಲೇ ಟೀ ಕುಡಿದ್ವಿ. ನನಗೂ ಒಂದು ಮಾತು ಹೇಳಿಲ್ವಲ್ಲ! ಏಳು ಏಳು," ಎಂದು ಅವನನ್ನು ಎಬ್ಬಿಸಿ ತಾನೇ ಸೀಟಿನಲ್ಲಿ ಕೂತ. ರಾಮಚಂದ್ರಪ್ಪ ನಗುತ್ತ 'ಯಂತ್ರವೂ ಸರಿ, ಡ್ರೈವರೂ ಸರಿ' ಎಂದು ಪುಸ್ತಕದಲ್ಲಿ ಬರೆದು, ತಮ್ಮ ಜೀಪಿನಲ್ಲೇ ಅವನನ್ನು ಬಂಗಾರಪೇಟೆಗೆ ಕಳಿಸಿದರು.

ಅವನು ಹೋಗುವಷ್ಟರಲ್ಲಿ ಮೊಮ್ಮಗಳು ಹುಟ್ಟಿದ್ದಳು. ಮಗಳು ಸುಸ್ತಾಗಿ ನಿದ್ದೆಹೋಗಿದ್ದಳು. ಮುನಿನಾರಾಯಣಪ್ಪ ಕೂಸನ್ನು ಎತ್ತಿಕೊಂಡು, ನಡೆದದ್ದನ್ನೆಲ್ಲ ಹೆಂಡತಿ ಅಕ್ಕಯ್ಯಮ್ಮನ ಮುಂದೆ ಒಂದೇ ಉಸಿರಿಗೆ ಹೇಳಿದ. "ನಾನು ಬಾಯೇ ಬಿಟ್ಟಿರ್ಲಿಲ್ಲ ಕಣೇ! ಮನಸ್ನಾಗಿರೋದ್ನ ಒಂದು ವೈರು ಕಂಡಿಡೀತು!"

ಅಕ್ಕಯ್ಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು.

"ನಂಗೆ ವೈರು ಗೀರು ಬ್ಯಾಡಪ್ಪ. ಬಾಯಿಬಿಟ್ಟೇ ಯೋಳ್ತೀನಿ. ನಿನ್ನೆ ಸಂಜೆಯಿಂದ ಒಂದು ಲೋಟ ಕಾಪಿ ಕುಡಿದಿಲ್ಲ. ಯಾರಾನ ಕೇಳಿದ್ರಾ?"